ವೈದ್ಯರ ಸಂಖ್ಯೆ ಹೆಚ್ಚಿದರೆ ಸರದಿ ಕರಗುತ್ತದೆಯೇ?

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಕ್ಕೆ ಮೊದಲಿನಿಂದಲೂ ಸರ್ಕಾರಿ ಆಸ್ಪತ್ರೆಯಲ್ಲೇ ಚಿಕಿತ್ಸೆ ಪಡೆಯುತ್ತಿದ್ದಾರೆ. ಮಾತ್ರೆಗಾಗಿ ಹದಿನೈದು ದಿನಕ್ಕೊಮ್ಮೆ ಹೋಗಬೇಕು. ಕಳೆದ ಸಲ ನಾನೂ ಜೊತೆಗೆ ಹೋಗಿ ಸಮಯ ಬರೆದಿಟ್ಟುಕೊಂಡೆ. ಬೆಳಿಗ್ಗೆ 7ಕ್ಕೆ ಸಾಲಿನಲ್ಲಿ ನಿಂತೆವು. ಹೊರರೋಗಿ ಚೀಟಿ ಸಿಕ್ಕಿದ್ದು 8.35ಕ್ಕೆ. ವೈದ್ಯರು ವಾರ್ಡಿನ ಸುತ್ತು ಮುಗಿಸಿ ಬಂದು ಕುಳಿತಾಗ 9.30. ನಮ್ಮ ಸರದಿ ಬಂದಿದ್ದು 11.10ಕ್ಕೆ, ಮುಗಿದಿದ್ದು ನಾಲ್ಕು ನಿಮಿಷದಲ್ಲಿ. ರಕ್ತಪರೀಕ್ಷೆಗೆ ಬರೆದುಕೊಟ್ಟರು, ಆದರೆ ಪ್ರಯೋಗಾಲಯದಲ್ಲಿ 11ಕ್ಕೇ ರಕ್ತ ತೆಗೆಯುವುದನ್ನು ನಿಲ್ಲಿಸಿದ್ದರಿಂದ ಮರುದಿನ ಖಾಲಿ ಹೊಟ್ಟೆಯಲ್ಲಿ ಮತ್ತೆ ಹೋಗಬೇಕಾಯಿತು. ಔಷಧದ ಕಿಟಕಿಯಿಂದ ಹೊರಟಾಗ 12.25. ಹೃದಯದ ಎಕೋ ಪರೀಕ್ಷೆಗೆ ಆರು ವಾರದ ನಂತರದ ದಿನಾಂಕ ಕೊಟ್ಟಿದ್ದಾರೆ. ಎರಡು ವರ್ಷದ ಹಿಂದೆ ಕೇಳಿದಾಗಲೂ ಆರು ವಾರವೇ ಇತ್ತು. ಇತ್ತೀಚೆಗೆ ನನ್ನನ್ನು ಆಸ್ಪತ್ರೆಯ ಸಲಹಾ ಸಮಿತಿಗೆ ಸಾರ್ವಜನಿಕರ ಪರವಾಗಿ ಸೇರಿಸಿಕೊಂಡಿದ್ದಾರೆ. ಮುಂದಿನ ಸಭೆಯಲ್ಲಿ ಮೂರು ಸಲಹೆಗಳು ಚರ್ಚೆಗೆ ಬರಲಿವೆ: ಇನ್ನಿಬ್ಬರು ವೈದ್ಯರ ನೇಮಕ, ಅನಗತ್ಯ ಭೇಟಿ ತಪ್ಪಿಸಲು ಸಣ್ಣದೊಂದು ಶುಲ್ಕ, ಮೊಬೈಲ್ ಆ್ಯಪ್ ಮೂಲಕ ಟೋಕನ್. ನಾನು ಯಾವುದನ್ನು ಬೆಂಬಲಿಸಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಅಮೂಲ್ಯವಾಗಿ ಕಂಡದ್ದು ನೀವು ಬರೆದಿಟ್ಟುಕೊಂಡ ಆ ಗಂಟೆಗಳ ಲೆಕ್ಕ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗಗಳ ಆಡಳಿತದಲ್ಲಿ ಬಹಳ ವರ್ಷ ಕಳೆದವನು ನಾನು. ಸರದಿಯ ಬಗ್ಗೆ ಎಷ್ಟೋ ಸಭೆಗಳಲ್ಲಿ ಕುಳಿತಿದ್ದೇನೆ; ಒಬ್ಬ ರೋಗಿಯ ಸಮಯ ಎಲ್ಲೆಲ್ಲಿ ಕಳೆಯಿತು ಎಂಬ ಚೀಟಿಯನ್ನು ಮೇಜಿನ ಮೇಲಿಟ್ಟುಕೊಂಡು ಮಾತು ಆರಂಭವಾದ ಸಭೆಗಳು ಅವುಗಳಲ್ಲಿ ತೀರ ಕಡಿಮೆ. ಆದ್ದರಿಂದ ಮೂರು ಸಲಹೆಗಳನ್ನು ತೂಗುವ ಮೊದಲು ನಿಮ್ಮ ತಾಯಿಯವರ ಆ ದಿನವನ್ನೇ ಬಿಡಿಸಿ ನೋಡೋಣ.

ಅವರು ಆಸ್ಪತ್ರೆಯಲ್ಲಿ ಕಳೆದದ್ದು ಒಟ್ಟು 325 ನಿಮಿಷ. ಇದರಲ್ಲಿ ವೈದ್ಯರು ಬಂದು ಕುಳಿತುಕೊಳ್ಳುವ ಮೊದಲೇ 150 ನಿಮಿಷ ಕಳೆದುಹೋಗಿದೆ. ವೈದ್ಯರ ಕೋಣೆಯಿಂದ ಹೊರಬಂದ ಮೇಲೆ ಔಷಧಕ್ಕಾಗಿ ಇನ್ನೂ 71 ನಿಮಿಷ ಹೋಗಿದೆ. ಅಂದರೆ 221 ನಿಮಿಷಗಳು, ಒಟ್ಟು ಸಮಯದ ಮೂರನೇ ಎರಡು ಪಾಲಿಗಿಂತ ತುಸು ಹೆಚ್ಚು, ವೈದ್ಯರು ಎಷ್ಟು ಮಂದಿ ಇದ್ದಾರೆ ಎಂಬುದಕ್ಕೆ ಸಂಬಂಧವೇ ಇಲ್ಲದ ಕಾಯುವಿಕೆ. ಇಬ್ಬರ ಬದಲು ನಾಲ್ವರು ವೈದ್ಯರನ್ನು ಕೂರಿಸಿದರೂ ಚೀಟಿಯ ಕೌಂಟರು ತೆರೆಯುವ ಹೊತ್ತು ಬದಲಾಗುವುದಿಲ್ಲ, ವಾರ್ಡಿನ ಸುತ್ತು ಬೇಗ ಮುಗಿಯುವ ಖಾತರಿಯೂ ಇಲ್ಲ; ಔಷಧದ ಕಿಟಕಿಯ ಮುಂದಿನ ಸಾಲಂತೂ ಇನ್ನಷ್ಟು ಉದ್ದವಾಗುತ್ತದೆ, ಏಕೆಂದರೆ ಅಲ್ಲಿಗೆ ರೋಗಿಗಳು ಈಗಿಗಿಂತ ಬೇಗ ಬೇಗ ಬಂದು ಸೇರುತ್ತಾರೆ. ಸಾಲು ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಸರಿದಿರುತ್ತದೆ, ಅಷ್ಟೆ. ಇದಕ್ಕೆ ಮರುದಿನದ ರಕ್ತಪರೀಕ್ಷೆಯ ಓಡಾಟವನ್ನು ಸೇರಿಸಿದರೆ ಲೆಕ್ಕ ಇನ್ನೂ ಕೆಡುತ್ತದೆ. ಪ್ರಯೋಗಾಲಯದ ಗಡಿಯಾರ ಮತ್ತು ಹೊರರೋಗಿ ವಿಭಾಗದ ಗಡಿಯಾರ ಒಂದಕ್ಕೊಂದು ಹೊಂದದ ಕಾರಣಕ್ಕೆ ಮಾತ್ರ ಹುಟ್ಟಿದ ಭೇಟಿ ಅದು.

ಹಾಗಾದರೆ ವೈದ್ಯರ ಕೊರತೆ ಎಂಬುದು ಸುಳ್ಳೇ? ಖಂಡಿತ ಅಲ್ಲ. ಬಹಳ ಕಡೆ ಅದು ನಿಜವಾದ ಕೊರತೆ, ಅದನ್ನು ತುಂಬಲೇಬೇಕು. ಆದರೆ ಕೊರತೆಯಿಂದ ಹುಟ್ಟುವ ಸರದಿ ಬೇರೆ, ಕೆಲಸವನ್ನು ಜೋಡಿಸಿದ ರೀತಿಯಿಂದ ಹುಟ್ಟುವ ಸರದಿ ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ಒಂದಕ್ಕೆ ಕೊಡಬೇಕಾದ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಹಣವೂ ಹೋಗುತ್ತದೆ, ಜನರ ನಂಬಿಕೆಯೂ ಹೋಗುತ್ತದೆ.

ಒಂದು ಸರಳ ಲೆಕ್ಕ ನೋಡಿ. ಇಬ್ಬರು ವೈದ್ಯರು, ಒಬ್ಬ ರೋಗಿಗೆ ನಾಲ್ಕು ನಿಮಿಷ, ಒಟ್ಟು 120 ರೋಗಿಗಳು ಎಂದುಕೊಳ್ಳೋಣ. ಗಂಟೆಗೆ 30 ಮಂದಿಯಂತೆ 9.30ಕ್ಕೆ ಆರಂಭವಾದ ಕೆಲಸ 1.30ಕ್ಕೆ ಮುಗಿಯುತ್ತದೆ. ಎಲ್ಲರೂ 7.30ಕ್ಕೇ ಬಂದು ಕುಳಿತರೆ ಒಬ್ಬೊಬ್ಬರೂ ಸರಾಸರಿ ನಾಲ್ಕು ಗಂಟೆ ಕಾಯುತ್ತಾರೆ. ಅದೇ 120 ಮಂದಿಯನ್ನು ಅರ್ಧ ಗಂಟೆಗೆ 15 ಮಂದಿಯಂತೆ ಬರಹೇಳಿದರೆ ಕಾಯುವಿಕೆ ಸರಾಸರಿ ಕಾಲು ಗಂಟೆಗೆ ಇಳಿಯುತ್ತದೆ. ಬಸ್ಸು ತಡವಾಗುವುದು, ಕೆಲವರಿಗೆ ಹೆಚ್ಚು ಹೊತ್ತು ಹಿಡಿಯುವುದು ಎಲ್ಲವನ್ನೂ ಸೇರಿಸಿ ಮುಕ್ಕಾಲು ಗಂಟೆ ಎಂದೇ ಇಟ್ಟುಕೊಳ್ಳಿ. ವೈದ್ಯರು ಅವರೇ, ಕೆಲಸ ಅಷ್ಟೇ, ಮುಗಿಯುವ ಹೊತ್ತೂ ಅದೇ. ಜನ ಮುಂಜಾನೆಯೇ ಬಂದು ಮುತ್ತುವುದಕ್ಕೆ ಅವರ ಅಶಿಸ್ತು ಕಾರಣವೆಂದು ಆಸ್ಪತ್ರೆಯವರು ದೂರುವುದುಂಟು. ಅದನ್ನು ನಾನು ಒಪ್ಪುವುದಿಲ್ಲ. ತಡವಾಗಿ ಬಂದವನಿಗೆ ಚೀಟಿ ಸಿಗದು ಎಂದು ಗೊತ್ತಿರುವಾಗ ಬೇಗ ಬರುವುದೇ ಬುದ್ಧಿವಂತಿಕೆ. ಹೊತ್ತು ನಿಗದಿಯಾಗಿದ್ದು, ಆ ಹೊತ್ತಿಗೆ ಬಂದವರಿಗೆ ನಿಜವಾಗಿಯೂ ಸರದಿ ಸಿಗುತ್ತದೆ ಎಂದಾದರೆ ಅದೇ ಜನ ಕೆಲವೇ ವಾರಗಳಲ್ಲಿ ತಮ್ಮ ಅಭ್ಯಾಸ ಬದಲಿಸುತ್ತಾರೆ.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪು ಕಲ್ಪನೆಯೂ ಒಂದಿದೆ. ಪ್ರತಿಯೊಬ್ಬ ಸಿಬ್ಬಂದಿಯೂ ಒಂದು ನಿಮಿಷವೂ ಬಿಡುವಿಲ್ಲದೆ ದುಡಿಯುತ್ತಿದ್ದರೆ ಆಸ್ಪತ್ರೆ ದಕ್ಷವಾಗಿದೆ ಎಂದು ಲೆಕ್ಕಪತ್ರ ನೋಡುವವರು ಭಾವಿಸುತ್ತಾರೆ. ಸರದಿಯ ಗಣಿತವನ್ನು ಮೊದಲು ಕಟ್ಟಿದವರು ಡೆನ್ಮಾರ್ಕಿನ ಆಗ್ನರ್ ಎರ್ಲಾಂಗ್. ಕೋಪನ್‌ಹೇಗನ್ನಿನ ದೂರವಾಣಿ ಕಂಪನಿಯಲ್ಲಿದ್ದಾಗ ಎಷ್ಟು ತಂತಿಗಳಿದ್ದರೆ ಕರೆ ಮಾಡುವವರು ಎಷ್ಟು ಹೊತ್ತು ಕಾಯಬೇಕಾದೀತು ಎಂಬುದನ್ನು ಲೆಕ್ಕ ಹಾಕಿ, ಈ ವಿಷಯದ ಮೊದಲ ಪ್ರಬಂಧವನ್ನು ಅವರು 1909ರಲ್ಲಿ ಪ್ರಕಟಿಸಿದರು. ಆ ಗಣಿತದ ಅತಿ ಸರಳ ರೂಪವನ್ನೇ ತೆಗೆದುಕೊಳ್ಳಿ: ಒಂದೇ ಕಿಟಕಿ, ಜನ ಯಾವಾಗ ಬರುತ್ತಾರೆಂಬ ನಿಯಮವಿಲ್ಲ, ಒಬ್ಬೊಬ್ಬರಿಗೆ ಹಿಡಿಯುವ ಸಮಯವೂ ಬೇರೆ ಬೇರೆ, ಸರಾಸರಿ ನಾಲ್ಕು ನಿಮಿಷ. ಕಿಟಕಿಯಲ್ಲಿರುವವರು ಶೇಕಡ 80 ಹೊತ್ತು ಕೆಲಸದಲ್ಲಿ ತೊಡಗಿದ್ದರೆ ಸರಾಸರಿ ಕಾಯುವಿಕೆ 16 ನಿಮಿಷ. ಶೇಕಡ 90ಕ್ಕೆ ಏರಿದರೆ 36 ನಿಮಿಷ, 95ಕ್ಕೆ ಏರಿದರೆ 76 ನಿಮಿಷ. ಕೊನೆಯ ಆ ಒಂದಿಷ್ಟು ಬಿಡುವನ್ನು ಹಿಂಡಿ ತೆಗೆಯಲು ಹೊರಟಾಗ ರೋಗಿ ತೆರುವ ಬೆಲೆ ಹೀಗೆ ನೆಗೆಯುತ್ತದೆ. ಬಿಡುವೇ ಇಲ್ಲದ ಆಸ್ಪತ್ರೆಯಲ್ಲಿ ಒಬ್ಬ ಶುಶ್ರೂಷಕಿ ರಜೆ ಹಾಕಿದರೆ ಸಾಕು, ಇಡೀ ದಿನ ಕುಸಿಯುತ್ತದೆ. ಸಮಿತಿಯಲ್ಲಿ ಯಾರಾದರೂ ‘ಆ ಕೌಂಟರಿನವರು ಆಗಾಗ ಸುಮ್ಮನೆ ಕುಳಿತಿರುತ್ತಾರೆ’ ಎಂದು ಆಕ್ಷೇಪಿಸಿದಾಗ ಈ ಲೆಕ್ಕವನ್ನು ದಯವಿಟ್ಟು ಮುಂದಿಡಿ.

ಎಕೋ ಪರೀಕ್ಷೆಯ ಆರು ವಾರಗಳ ವಿಷಯ ಇನ್ನೂ ಸ್ವಾರಸ್ಯವಾದದ್ದು, ಮತ್ತು ನನ್ನ ಅನುಭವದಲ್ಲಿ ಅತಿ ಹೆಚ್ಚು ತಪ್ಪು ತಿಳಿಯಲಾಗುವ ವಿಷಯವೂ ಇದೇ. ಯಂತ್ರದ ಸಾಮರ್ಥ್ಯ ಬೇಡಿಕೆಗಿಂತ ನಿಜವಾಗಿಯೂ ಕಡಿಮೆಯಿದ್ದಿದ್ದರೆ ಎರಡು ವರ್ಷದಲ್ಲಿ ಆ ಆರು ವಾರ ಹತ್ತಾಗಿ, ಹತ್ತು ಇಪ್ಪತ್ತಾಗಿ ಬೆಳೆಯಬೇಕಿತ್ತು. ಬೆಳೆದಿಲ್ಲ ಎಂದರೆ ವಾರಕ್ಕೆ ಎಷ್ಟು ಮಂದಿ ಪಟ್ಟಿಗೆ ಸೇರುತ್ತಿದ್ದಾರೋ ಹೆಚ್ಚುಕಡಿಮೆ ಅಷ್ಟೇ ಮಂದಿ ಪಟ್ಟಿಯಿಂದ ಹೊರಬರುತ್ತಿದ್ದಾರೆ. ಎಂದೋ ಯಂತ್ರ ಕೆಟ್ಟಿದ್ದಾಗಲೋ, ತಂತ್ರಜ್ಞರ ಹುದ್ದೆ ಖಾಲಿಯಿದ್ದಾಗಲೋ ಬಿದ್ದ ಹಳೆಯ ಬಾಕಿಯೊಂದು ಅಸಲು ತೀರದ ಸಾಲದಂತೆ ಹಾಗೆಯೇ ಮುಂದುವರಿದುಕೊಂಡು ಬಂದಿರುವ ಸಾಧ್ಯತೆ ದೊಡ್ಡದು. ಕೆಲವು ವಾರ ಸಂಜೆಯ ಹೊತ್ತು ಹೆಚ್ಚುವರಿ ಪರೀಕ್ಷೆ ನಡೆಸಿ ಆ ಬಾಕಿಯನ್ನು ಒಮ್ಮೆ ತೀರಿಸಿಬಿಟ್ಟರೆ, ಆಮೇಲೆ ಇದೇ ಯಂತ್ರ, ಇದೇ ಸಿಬ್ಬಂದಿಯಿಂದ ಕಾಯುವಿಕೆಯನ್ನು ಒಂದೆರಡು ವಾರದೊಳಗೆ ಇಟ್ಟುಕೊಳ್ಳಬಹುದು. ಆದರೆ ಒಂದು ಎಚ್ಚರಿಕೆ ಬೇಕು. ಪಟ್ಟಿ ಬೆಳೆಯದಿರುವುದಕ್ಕೆ ಜನ ಬೇಸತ್ತು ಬೇರೆಡೆಗೆ ಹೋಗಿದ್ದೋ, ಕಾಯುತ್ತಲೇ ತೀರಿಕೊಂಡದ್ದೋ ಕಾರಣವಾಗಿರಬಹುದು. ಆದ್ದರಿಂದ ಮೊದಲ ಕೆಲಸವೆಂದರೆ ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಕರೆ ಮಾಡಿ ವಿಚಾರಿಸುವುದು. ಎರಡನೆಯದು, ಯಾರು ಕಾಯಬಹುದು, ಯಾರು ಕಾಯಲಾಗದು ಎಂಬುದನ್ನು ವೈದ್ಯರೊಬ್ಬರು ಕಡತ ನೋಡಿ ಬೇರ್ಪಡಿಸುವುದು. ಹೊಸದಾಗಿ ಉಸಿರಾಟದ ತೊಂದರೆ ಕಾಣಿಸಿಕೊಂಡವರೂ ವಾಡಿಕೆಯ ಮರುಪರೀಕ್ಷೆಗೆ ಬಂದವರೂ ಒಂದೇ ಸಾಲಿನಲ್ಲಿ ನಿಂತಿರುವುದನ್ನು ನೋಡಿದಾಗ ನನಗೆ ಇಂದಿಗೂ ಸಂಕಟವಾಗುತ್ತದೆ.

ಇನ್ನು ಶುಲ್ಕ. ‘ಬಿಟ್ಟಿ ಸಿಗುವುದರಿಂದ ಜನ ಸುಮ್ಮಸುಮ್ಮನೆ ಬರುತ್ತಾರೆ’ ಎಂಬ ಮಾತನ್ನು ನೀವು ಸಭೆಯಲ್ಲಿ ಖಂಡಿತ ಕೇಳುವಿರಿ. ಐದೂವರೆ ಗಂಟೆ ಕಾಯುವುದು, ಒಂದು ದಿನದ ದುಡಿಮೆ ಬಿಡುವುದು ಇವೇ ಈಗಾಗಲೇ ದೊಡ್ಡ ಶುಲ್ಕವಲ್ಲವೇ ಎಂಬುದು ನನ್ನ ಮೊದಲ ಉತ್ತರ. ಎರಡನೆಯದು ಪುರಾವೆ. ಅಮೆರಿಕದ ರ‍್ಯಾಂಡ್ ಸಂಸ್ಥೆ 1974ರಿಂದ 1982ರವರೆಗೆ ಸಾವಿರಾರು ಕುಟುಂಬಗಳನ್ನು ಬೇರೆ ಬೇರೆ ವಿಮಾ ಯೋಜನೆಗಳಿಗೆ ಚೀಟಿ ಎತ್ತಿದಂತೆ ಹಂಚಿ ನಡೆಸಿದ ಪ್ರಯೋಗದಲ್ಲಿ, ಕೈಯಿಂದ ಹಣ ಕೊಡಬೇಕಾದವರು ವೈದ್ಯರ ಬಳಿ ಹೋಗುವುದನ್ನು ಕಡಿಮೆ ಮಾಡಿದ್ದು ನಿಜ. ಆದರೆ ಅಗತ್ಯವಿಲ್ಲದ ಸೇವೆ ಎಷ್ಟು ಇಳಿಯಿತೋ ಅಗತ್ಯವಾದ ಸೇವೆಯೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು. ರಕ್ತದೊತ್ತಡವಿದ್ದ ಬಡವರಲ್ಲಿ, ಉಚಿತ ಸೇವೆ ಪಡೆದವರ ಒತ್ತಡವೇ ಉತ್ತಮ ಹತೋಟಿಯಲ್ಲಿತ್ತು. ಯಾವ ಎದೆನೋವು ಗ್ಯಾಸ್ಟ್ರಿಕ್, ಯಾವುದು ಹೃದಯದ್ದು ಎಂದು ತಿಳಿಯುವುದಕ್ಕೇ ಮನುಷ್ಯ ಆಸ್ಪತ್ರೆಗೆ ಬರುವುದು. ಅದನ್ನು ಮನೆಯಲ್ಲೇ ತೀರ್ಮಾನಿಸಿ ಬಾ ಎಂದು ಶುಲ್ಕವು ಅವನಿಗೆ ಹೇಳುತ್ತದೆ. ಜರ್ಮನಿ 2004ರಲ್ಲಿ ಮೂರು ತಿಂಗಳಿಗೊಮ್ಮೆ ಕೊಡಬೇಕಾದ ಭೇಟಿ ಶುಲ್ಕವನ್ನು ತಂದಿತು. ಅದನ್ನು ವಸೂಲು ಮಾಡುವ ಕೆಲಸವೇ ವೈದ್ಯರಿಗೆ ಹೊರೆಯಾಗಿ, 2012ರ ಕೊನೆಗೆ ಕೈಬಿಟ್ಟಿತು. ಉಗಾಂಡ 2001ರಲ್ಲಿ ಸರ್ಕಾರಿ ಕೇಂದ್ರಗಳ ಶುಲ್ಕವನ್ನು ರದ್ದು ಮಾಡಿದಾಗ ರೋಗಿಗಳ ಸಂಖ್ಯೆ ಏರಿತು, ವಿಶೇಷವಾಗಿ ಬಡವರದ್ದು. ಅಷ್ಟು ಕಾಲ ಅವರು ಮನೆಯಲ್ಲಿ ಆರೋಗ್ಯವಾಗಿ ಕುಳಿತಿದ್ದರು ಎಂದು ಯಾರೂ ಹೇಳಲಾರರು. ಈ ಸಲಹೆಯನ್ನು ನೀವು ನಿಸ್ಸಂಕೋಚವಾಗಿ ವಿರೋಧಿಸಬಹುದು.

ಆ್ಯಪ್ ಒಳ್ಳೆಯ ಸೇವಕ, ಆದರೆ ಅದರ ಸರದಿ ಕೊನೆಗೆ ಬರಬೇಕು. ಹೊತ್ತಿನ ನಿಗದಿ ಎಂಬ ವ್ಯವಸ್ಥೆಯೇ ಇಲ್ಲದ ಕಡೆ ಆ್ಯಪ್ ತಂದರೆ 7ಕ್ಕೆ ನಿಲ್ಲುತ್ತಿದ್ದ ಸಾಲು ಮಧ್ಯರಾತ್ರಿ ಪರದೆಯ ಮೇಲೆ ನಿಲ್ಲುತ್ತದೆ, ಚುರುಕು ಬೆರಳಿನವರು ಮುಂದೆ ಹೋಗುತ್ತಾರೆ. ನಿಮ್ಮ ತಾಯಿಯವರ ವಯಸ್ಸಿನವರು, ಓದು ಬಾರದವರು, ಒಂದೇ ಫೋನನ್ನು ಮನೆಮಂದಿಯೆಲ್ಲ ಹಂಚಿಕೊಳ್ಳುವವರು ಹಿಂದೆ ಉಳಿಯುತ್ತಾರೆ. ತರುವುದೇ ಆದರೆ ಪ್ರತಿ ಅರ್ಧ ಗಂಟೆಯ ಸರದಿಯಲ್ಲೂ ಒಂದು ಪಾಲನ್ನು ನೇರವಾಗಿ ಬಂದವರಿಗೆ, ಇನ್ನೊಂದನ್ನು ದೂರವಾಣಿಯಲ್ಲಿ ಕೇಳುವವರಿಗೆ ಕಾಯ್ದಿರಿಸಬೇಕೆಂದು ಹಟ ಹಿಡಿಯಿರಿ. ಹಿಂದಿನ ದಿನ ಒಂದು ನೆನಪಿನ ಸಂದೇಶ ಕಳುಹಿಸುವುದಂತೂ ಕಡಿಮೆ ಖರ್ಚಿನ, ಫಲ ಕೊಡುವ ಕೆಲಸವೆಂದು ಅಧ್ಯಯನಗಳಿಂದ ಚೆನ್ನಾಗಿ ಗೊತ್ತಾಗಿದೆ. ಅದಕ್ಕೆ ಆ್ಯಪ್ ಬೇಕಾಗಿಯೂ ಇಲ್ಲ.

ಈ ಮೂರರಲ್ಲಿ ಒಂದನ್ನು ಆರಿಸುವುದರ ಬದಲು ನೀವು ನಾಲ್ಕನೆಯದೊಂದನ್ನು ಮುಂದಿಡಬೇಕು ಎಂಬುದು ನನ್ನ ಅಭಿಪ್ರಾಯ. ಸ್ಥಿಮಿತದಲ್ಲಿರುವ ದೀರ್ಘಕಾಲದ ರೋಗಿಗಳಿಗೆ ಹದಿನೈದು ದಿನದ ಬದಲು ಮೂರು ತಿಂಗಳ ಔಷಧ ಕೊಡಿ ಎಂದು ಕೇಳಿ. ಹದಿನೈದು ದಿನಕ್ಕೊಮ್ಮೆ ಎಂದರೆ ವರ್ಷಕ್ಕೆ 24 ಭೇಟಿ. ಮೂರು ತಿಂಗಳಿಗೊಮ್ಮೆ ಎಂದರೆ ನಾಲ್ಕು. ಸಕ್ಕರೆ ಮತ್ತು ರಕ್ತದೊತ್ತಡದ ರೋಗಿಗಳೇ ಸಾಲಿನ ದೊಡ್ಡ ಭಾಗವಾಗಿರುವ ವಿಭಾಗದಲ್ಲಿ ಇದೊಂದೇ ಬದಲಾವಣೆಯಿಂದ ಖಾಲಿಯಾಗುವ ಜಾಗವನ್ನು ಹೊಸ ವೈದ್ಯರ ನೇಮಕದಿಂದಲೂ ಗಳಿಸುವುದು ಕಷ್ಟ. ಎಚ್‌ಐವಿ ಚಿಕಿತ್ಸೆಯಲ್ಲಿ ಸ್ಥಿಮಿತದಲ್ಲಿರುವವರಿಗೆ ಮೂರರಿಂದ ಆರು ತಿಂಗಳಿಗೊಮ್ಮೆ ಔಷಧ ಮತ್ತು ಭೇಟಿ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2016ರ ಮಾರ್ಗಸೂಚಿಯಲ್ಲೇ ಹೇಳಿತ್ತು. ಆ ಅನುಭವ ಉಳಿದ ದೀರ್ಘಕಾಲದ ಕಾಯಿಲೆಗಳಿಗೂ ದಾರಿ ತೋರಿಸಿದೆ. ಹದಿನೈದು ದಿನದ ಪದ್ಧತಿ ಹೆಚ್ಚಿನ ಕಡೆ ವೈದ್ಯಕೀಯ ಕಾರಣಕ್ಕೆ ಬಂದದ್ದಲ್ಲ. ಉಗ್ರಾಣದಲ್ಲಿ ದಾಸ್ತಾನು ಸಾಲದೆ ಇದ್ದುದನ್ನೇ ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಲು ಬಂದದ್ದು. ಹಾಗಾಗಿ ನಿಮ್ಮ ಬೇಡಿಕೆಯ ಮೊದಲ ಪೆಟ್ಟು ಬೀಳುವುದು ಔಷಧ ಖರೀದಿಯ ಮೇಲೆ. ಕನಿಷ್ಠ ಮೂರು ತಿಂಗಳ ಹೆಚ್ಚುವರಿ ದಾಸ್ತಾನು ಕೈಯಲ್ಲಿಲ್ಲದೆ ಇದನ್ನು ಆರಂಭಿಸಿದರೆ ಮೊದಲು ಬಂದವರು ಒಯ್ದು, ನಂತರ ಬಂದವರು ಬರಿಗೈಯಲ್ಲಿ ಹಿಂತಿರುಗುತ್ತಾರೆ. ಇನ್ನೊಂದು ಅಪಾಯವೆಂದರೆ, ಮೂರು ತಿಂಗಳ ಅಂತರದಲ್ಲಿ ಯಾರದಾದರೂ ಸ್ಥಿತಿ ಕೆಟ್ಟರೆ ಅದು ತಡವಾಗಿ ಗೊತ್ತಾಗುವುದು. ಅದಕ್ಕಾಗಿ ನಡುವೆ ಒಮ್ಮೆ ಹತ್ತಿರದ ಉಪಕೇಂದ್ರದಲ್ಲಿ ಶುಶ್ರೂಷಕಿಯೊಬ್ಬರು ರಕ್ತದೊತ್ತಡ, ಸಕ್ಕರೆ, ಕಾಲಿನ ಗಾಯ ನೋಡುವ ಏರ್ಪಾಡಿರಬೇಕು. ಇನ್ಸುಲಿನ್ ಪ್ರಮಾಣವನ್ನು ಈಗಷ್ಟೇ ಬದಲಿಸಿದವರು, ಮೂತ್ರಪಿಂಡದ ತೊಂದರೆ ಇರುವವರು ಈ ಗುಂಪಿಗೆ ಸೇರಬಾರದು.

ಶುಶ್ರೂಷಕಿಯರಿಗೆ ಹೀಗೆ ಜವಾಬ್ದಾರಿ ಕೊಟ್ಟರೆ ಗುಣಮಟ್ಟ ಇಳಿಯುತ್ತದೆ ಎಂಬ ಭಯ ವೈದ್ಯರಲ್ಲೂ ಇದೆ, ರೋಗಿಗಳಲ್ಲೂ ಇದೆ. ತರಬೇತಿ ಪಡೆದ ಶುಶ್ರೂಷಕಿಯರು ಪ್ರಾಥಮಿಕ ಆರೈಕೆ ನೀಡಿದಾಗ ಫಲಿತಾಂಶಗಳು ವೈದ್ಯರಷ್ಟೇ, ಕೆಲವು ವಿಷಯಗಳಲ್ಲಿ ತುಸು ಮೇಲಾಗಿಯೇ ಇದ್ದವು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2018ರ ಪರಾಮರ್ಶೆ ಕಂಡುಕೊಂಡಿತು. ಅವರು ಒಬ್ಬ ರೋಗಿಗೆ ಕೊಡುವ ಸಮಯ ಹೆಚ್ಚು ಎಂಬುದನ್ನೂ ಅದು ಹೇಳಿತು, ಆದ್ದರಿಂದ ಇದನ್ನು ಅಗ್ಗದ ದಾರಿ ಎಂದು ಭಾವಿಸಿ ಹೊರಡುವುದು ಬೇಡ. ತರಬೇತಿಯೂ, ಯಾವಾಗ ವೈದ್ಯರನ್ನು ಕರೆಯಬೇಕೆಂಬ ಬರಹದ ನಿಯಮವೂ, ಕೆಲಸಕ್ಕೆ ತಕ್ಕ ಸಂಬಳವೂ ಜೊತೆಗಿರಬೇಕು. ಇಲ್ಲದಿದ್ದರೆ ಒಬ್ಬರ ಹೊರೆಯನ್ನು ಇನ್ನೊಬ್ಬರ ತಲೆಗೆ ವರ್ಗಾಯಿಸಿದಂತಾಗುತ್ತದೆ.

ರಕ್ತ ತೆಗೆಯುವ ಹೊತ್ತಿನ ಬಗ್ಗೆಯೂ ಒಂದು ಮಾತು. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ. ಯಾವ ಹೊತ್ತಿನಲ್ಲಾದರೂ ರಕ್ತ ಕೊಡಬಹುದು. ಮುಂದಿನ ಭೇಟಿಗೆ ಬೇಕಾದ ಪರೀಕ್ಷೆಯನ್ನು ಈ ಭೇಟಿಯಲ್ಲೇ ಬರೆದುಕೊಟ್ಟು, ರೋಗಿ ಬಂದ ಕೂಡಲೇ, ವೈದ್ಯರನ್ನು ನೋಡುವ ಮೊದಲೇ ರಕ್ತ ತೆಗೆದುಕೊಂಡರೆ ಸರದಿ ಬರುವ ಹೊತ್ತಿಗೆ ಕೆಲವು ವರದಿಗಳಾದರೂ ಕೈಯಲ್ಲಿರುತ್ತವೆ. ಇದಕ್ಕೆ ಬೇಕಾದದ್ದು ಪ್ರಯೋಗಾಲಯದ ಮುಖ್ಯಸ್ಥರು ಮತ್ತು ಹೊರರೋಗಿ ವಿಭಾಗದ ಮುಖ್ಯಸ್ಥರು ಒಂದು ಮೇಜಿಗೆ ಕುಳಿತು ಗಂಟೆಗಳನ್ನು ಹೊಂದಿಸುವುದು, ಅಷ್ಟೆ.

ಸಮಿತಿ ಏನನ್ನು ಒಪ್ಪಿದರೂ, ‘ಪ್ರತಿ ರೋಗಿಗೂ ಇಷ್ಟು ನಿಮಿಷದೊಳಗೆ ಸೇವೆ’ ಎಂಬ ಒಂದೇ ಗುರಿಯನ್ನು ಗೋಡೆಗೆ ಬರೆಸುವ ಆಸೆಯನ್ನು ತಡೆಯಿರಿ. ಇಂಗ್ಲೆಂಡಿನಲ್ಲಿ ಕುಟುಂಬ ವೈದ್ಯರನ್ನು 48 ಗಂಟೆಯೊಳಗೆ ಕಾಣಲು ಸಾಧ್ಯವಾಗಬೇಕು ಎಂಬ ಗುರಿ ಇಟ್ಟಾಗ, ಅಂಕಿಅಂಶ ಕೆಡದಿರಲೆಂದು ಕೆಲವು ಕಡೆ ಒಂದು ವಾರ ಮುಂಚಿತವಾಗಿ ಸಮಯ ಕಾಯ್ದಿರಿಸುವುದನ್ನೇ ನಿರಾಕರಿಸಿದರು. 2005ರ ಚುನಾವಣೆಯ ಹೊತ್ತಿನಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಒಬ್ಬ ತಾಯಿ ಇದನ್ನು ಎತ್ತಿದಾಗ ಪ್ರಧಾನಿ ಟೋನಿ ಬ್ಲೇರ್ ಅವರಿಗೆ ಆಶ್ಚರ್ಯವಾಯಿತು. ಅಲ್ಲಿನ ತುರ್ತು ಚಿಕಿತ್ಸಾ ವಿಭಾಗಗಳಲ್ಲಿ ನಾಲ್ಕು ಗಂಟೆಯ ಗುರಿ ಬಂದ ಮೇಲೆ ಕಾಯುವಿಕೆ ಬಹಳ ತಗ್ಗಿತು, ಆ ಯಶಸ್ಸನ್ನು ಒಪ್ಪಲೇಬೇಕು. ಆದರೆ ನಾಲ್ಕನೆಯ ಗಂಟೆ ತುಂಬುವ ಮುಂಚಿನ ಕೆಲವೇ ನಿಮಿಷಗಳಲ್ಲಿ ರೋಗಿಗಳನ್ನು ಸಾಗಿಸುವ ಧಾವಂತವೂ ಅಂಕಿಅಂಶಗಳಲ್ಲಿ ಎದ್ದು ಕಂಡಿತು. ಕಾಯುವ ಸಮಯವನ್ನು ಅಳೆಯಿರಿ, ಜೊತೆಗೇ ರಕ್ತದೊತ್ತಡ ಹತೋಟಿಯಲ್ಲಿರುವವರು ಎಷ್ಟು ಮಂದಿ ಎಂಬುದನ್ನೂ ಅಳೆಯಿರಿ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಸಾಲು ವಾರದಿಂದ ವಾರಕ್ಕೆ ಬೆಳೆಯುತ್ತಲೇ ಇದ್ದರೆ, ಆಗ ಅದು ನಿಜವಾದ ಕೊರತೆ. ಆ ಇಬ್ಬರು ವೈದ್ಯರನ್ನು ಧೈರ್ಯವಾಗಿ ಕೇಳಿ. ಆಗಲೂ ಅವರನ್ನು ದೊಡ್ಡ ಆಸ್ಪತ್ರೆಯಲ್ಲೇ ಕೂರಿಸಬೇಕೇ ಎಂಬ ಪ್ರಶ್ನೆಯನ್ನು ಜೊತೆಗೆ ಇಡಿ. ಕೋಸ್ಟರಿಕಾ 1990ರ ದಶಕದ ಮಧ್ಯದಿಂದ ನಾಲ್ಕೈದು ಸಾವಿರ ಜನರಿಗೆ ಒಂದರಂತೆ ಸಣ್ಣ ತಂಡಗಳನ್ನು ಕಟ್ಟಿತು. ಒಬ್ಬ ವೈದ್ಯರು, ಶುಶ್ರೂಷಾ ಸಹಾಯಕರು, ಕಡತ ನೋಡಿಕೊಳ್ಳುವ ಗುಮಾಸ್ತರು, ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರು. ಜನ ಹತ್ತಿರದ ಸಣ್ಣ ಕೇಂದ್ರವನ್ನು ದಾಟಿ ದೊಡ್ಡ ಆಸ್ಪತ್ರೆಗೆ ಬರುವುದು ಅಲ್ಲಿ ಮಾತ್ರೆ ಇರುವುದಿಲ್ಲ, ರಕ್ತಪರೀಕ್ಷೆ ಆಗುವುದಿಲ್ಲ, ವೈದ್ಯರು ಯಾವ ದಿನ ಇರುತ್ತಾರೋ ಗೊತ್ತಿಲ್ಲ ಎಂಬ ಕಾರಣಕ್ಕೆ. ಆ ಮೂರನ್ನು ಸರಿಮಾಡದೆ ಶಿಫಾರಸು ಪತ್ರವಿಲ್ಲದವರನ್ನು ದೊಡ್ಡ ಆಸ್ಪತ್ರೆಯ ಬಾಗಿಲಿನಿಂದ ಹಿಂದೆ ಕಳುಹಿಸುವ ನಿಯಮ ತರುವುದು ಕ್ರೌರ್ಯವಾಗುತ್ತದೆ.

ಕೊನೆಯದಾಗಿ, ಸಭೆಯಲ್ಲಿ ಯಾರೂ ಕೇಳದ ಒಂದು ವಿಷಯವನ್ನು ನೀವು ಕೇಳಬೇಕೆಂಬುದು ನನ್ನ ಕಳಕಳಿಯ ಕೋರಿಕೆ. ಸಾಲಿನಲ್ಲಿ ನಿಂತವರು ಕಣ್ಣಿಗೆ ಕಾಣುತ್ತಾರೆ, ಬಾರದೆ ಹೋದವರು ಕಾಣುವುದಿಲ್ಲ. ವೇಲ್ಸಿನ ಗಣಿ ಊರೊಂದರಲ್ಲಿ ವೈದ್ಯರಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ, ಎಲ್ಲಿ ಅಗತ್ಯ ಹೆಚ್ಚೋ ಅಲ್ಲಿಯೇ ಒಳ್ಳೆಯ ಚಿಕಿತ್ಸೆ ಸಿಗುವುದು ಕಡಿಮೆ ಎಂದು ತೋರಿಸಿದ್ದರು. ಮೇಲೆ ಹೇಳಿದ ಪ್ರತಿಯೊಂದು ಸುಧಾರಣೆಯ ಲಾಭವನ್ನೂ ಮೊದಲು ಪಡೆಯುವವರು ಓದಿದವರು, ಹತ್ತಿರದಲ್ಲಿರುವವರು, ಜೊತೆಗೆ ಮಗನೋ ಮಗಳೋ ಇರುವವರು. ಹಾಗಾಗಿ ಕಳೆದ ಆರು ತಿಂಗಳಲ್ಲಿ ಮರುಭೇಟಿಗೆ ಬಾರದೆ ಉಳಿದ ಸಕ್ಕರೆ ರೋಗಿಗಳ ಹೆಸರು ಮತ್ತು ಊರು ಇರುವ ನೋಂದಣಿ ಪುಸ್ತಕವನ್ನು ತರಿಸಿ, ಅವರನ್ನು ಯಾರು, ಯಾವ ವಾರದೊಳಗೆ ಹುಡುಕಿಕೊಂಡು ಹೋಗುತ್ತಾರೆ ಎಂಬುದನ್ನು ನಡಾವಳಿಯಲ್ಲಿ ಬರೆಸಿ.

ನಿಮ್ಮ ತಾಯಿಯವರ ಮಟ್ಟಿಗೆ ಈಗಲೇ ಮಾಡಬಹುದಾದದ್ದಿಷ್ಟು. ಮುಂದಿನ ಭೇಟಿಯಲ್ಲಿ ವೈದ್ಯರನ್ನು ಕಂಡಾಗ, ಅದರ ನಂತರದ ಭೇಟಿಗೆ ಬೇಕಾಗುವ ರಕ್ತಪರೀಕ್ಷೆಯನ್ನು ಅಂದೇ ಬರೆಸಿಕೊಳ್ಳಿ, ಮತ್ತು ಅದಕ್ಕೆ ಖಾಲಿ ಹೊಟ್ಟೆ ಬೇಕೇ ಎಂದು ಕೇಳಿ ತಿಳಿದುಕೊಳ್ಳಿ. ಸಕ್ಕರೆಯ ಮಾತ್ರೆ ನುಂಗಿಯೋ ಇನ್ಸುಲಿನ್ ತೆಗೆದುಕೊಂಡೋ ಏನೂ ತಿನ್ನದೆ ಸಾಲಿನಲ್ಲಿ ನಿಂತು, ಸಕ್ಕರೆ ಕುಸಿದು ಬೆವರಿ ಬಿದ್ದವರನ್ನು ನಾನು ಒಂದಲ್ಲ ಹಲವು ಸಲ ಎತ್ತಿ ಮಲಗಿಸಿದ್ದೇನೆ. ಸಾಲಿಗೆ ಹೆದರಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗಿ ಉಳಿಸುವುದು ಬೇಡ. ಎದೆ ಹಿಂಡಿದಂತಾದರೆ, ಉಸಿರು ಸಿಕ್ಕಿಕೊಂಡರೆ, ಬಾಯಿ ಸೊಟ್ಟಗಾದರೆ ಅಥವಾ ಒಂದು ಕೈಯೋ ಕಾಲೋ ಸೋತರೆ ಎಕೋ ಪರೀಕ್ಷೆಯ ದಿನಾಂಕಕ್ಕೆ ಕಾಯದೆ, ಹೊರರೋಗಿ ಚೀಟಿಯ ಸಾಲಿನಲ್ಲೂ ನಿಲ್ಲದೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.